ಪಾಯಿಂಟ್ ಮೂವತ್ತೆರಡು: ನಮ್ಮ ಕೈಬಂದೂಕನ್ನು ಆರಿಸಿದವರು ಯಾರು?

ಆತ್ಮರಕ್ಷಣೆಗೆಂದು ಕೈಬಂದೂಕು ಕೊಳ್ಳಲು ಹೊರಟ ಅಮೆರಿಕದವನ ಮುಂದೆ ಪ್ರಶ್ನೆಗಳ ದೊಡ್ಡ ಪಟ್ಟಿಯೇ ಇರುತ್ತದೆ. ರಿವಾಲ್ವರೋ ಪಿಸ್ತೂಲೋ? 9 ಎಂಎಂ ಸಾಕೋ, .45 ಬೇಕೋ? ಅಂಗಿಯೊಳಗೆ ಕಾಣದಂತೆ ಇಟ್ಟುಕೊಳ್ಳುವಷ್ಟು ಚಿಕ್ಕದಿರಬೇಕೋ, ಮಂಚದ ಪಕ್ಕದ ಡ್ರಾಯರಿನಲ್ಲಿ ಇಡುವುದಾದ್ದರಿಂದ ದೊಡ್ಡದಾದರೂ ನಡೆಯುತ್ತದೋ? ಎಷ್ಟು ಗುಂಡು ಹಿಡಿಯಬೇಕು, ಹೆಂಡತಿಯ ಕೈಗೂ ಒಗ್ಗುತ್ತದೆಯೇ, ಹಿಂದಕ್ಕೆ ಒದೆಯುವುದು ಎಷ್ಟು? ನಾವು ಲ್ಯಾಪ್‌ಟಾಪ್ ಕೊಳ್ಳುವಾಗ ಎಕ್ಸೆಲ್ ಶೀಟ್ ಮಾಡುತ್ತೇವಲ್ಲ, ಥೇಟ್ ಹಾಗೆಯೇ.

ಇದೇ ಪ್ರಶ್ನೆಯನ್ನು ಪುಣೆಯ ಅಥವಾ ಹೈದರಾಬಾದಿನ ಬಂದೂಕಿನ ಅಂಗಡಿಯಲ್ಲಿ ಕೇಳಿದರೆ ಎಕ್ಸೆಲ್ ಶೀಟ್ ಒಂದೆರಡು ಸಾಲಿಗೆ ಮುಗಿಯುತ್ತದೆ. ಕೈಬಂದೂಕಿಗೆ ಲೈಸೆನ್ಸ್ ಸಿಕ್ಕಿದ ಸಾಮಾನ್ಯ ಭಾರತೀಯನ ಪಾಲಿಗೆ ಹೆಚ್ಚುಕಡಿಮೆ ಇರುವುದೊಂದೇ ಅಳತೆ, .32. ಬಾಯ್ಮಾತಿನಲ್ಲಿ 'ಪಾಯಿಂಟ್ ಮೂವತ್ತೆರಡು'. .22 ಕೂಡ ಉಂಟು, ಆದರೆ ಅದು ಮುಖ್ಯವಾಗಿ ಗುರಿ ಅಭ್ಯಾಸದ ಮಾಲು. 9 ಎಂಎಂ, .38, .45 ಎಲ್ಲವೂ 'ಪ್ರೊಹಿಬಿಟೆಡ್ ಬೋರ್', ಅಂದರೆ ನಿಷೇಧಿತ ನಳಿಗೆಗಳು.

ಆಯ್ಕೆ ಮಾಡಬೇಕಾದವನು ಅಂಗಡಿಗೆ ಬರುವ ಎಷ್ಟೋ ಮೊದಲೇ ಯಾರೋ ಆಯ್ಕೆ ಮುಗಿಸಿಬಿಟ್ಟಿದ್ದಾರೆ. ಯಾರು, ಯಾವಾಗ, ಯಾವ ಭಯದಿಂದ? ಇದನ್ನು ಹುಡುಕುತ್ತಾ ಹೋದರೆ ದಾರಿ ಬೆಲ್ಜಿಯಂನ ಕಾರ್ಖಾನೆಯಿಂದ ಬಾಗಲಕೋಟೆಯ ಹಳ್ಳಿಗೆ, ಅಲಹಾಬಾದಿನ ಉದ್ಯಾನದಿಂದ ಸಂವಿಧಾನ ಸಭೆಗೆ, ಕೊನೆಗೆ ಧಾರವಾಡದ ಒಂದು ಮನೆಬಾಗಿಲಿಗೂ ಹೋಗುತ್ತದೆ.

ಜೇಬಿಗೆ ಬಂದ ಬಂದೂಕು

ಬಂದೂಕು ಶತಮಾನಗಳ ಕಾಲ ಮುಚ್ಚಿಡಲಾಗದ ವಸ್ತುವಾಗಿತ್ತು. ಹೆಗಲ ಮೇಲಿನ ಕೋವಿ ಊರಿಗೆಲ್ಲ ಕಾಣುತ್ತದೆ. ಸೊಂಟದ ಪಿಸ್ತೂಲು ಇದ್ದರೂ ಒಂದು ಸಲ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಿ ಗಜ ಹಾಕಬೇಕು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಉರುಳೆಯ ರಿವಾಲ್ವರಿಗೆ ಅಮೆರಿಕದ ಪೇಟೆಂಟ್ ಪಡೆದ ಮೇಲೆ ಒಂದೇ ಕೈಯಲ್ಲಿ ಐದಾರು ಗುಂಡು ಹಾರಿಸುವುದು ಸಾಧ್ಯವಾಯಿತು. ಅದೇ ಕಾಲದಲ್ಲಿ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಅಂಗೈಯಲ್ಲಿ ಅಡಗುವಂಥ ಒಂಟಿ ಗುಂಡಿನ ಪಿಸ್ತೂಲುಗಳನ್ನು ಮಾಡುತ್ತಿದ್ದ. 1865ರ ಏಪ್ರಿಲ್ 14ರ ರಾತ್ರಿ ರಂಗಮಂದಿರದಲ್ಲಿ ಅಬ್ರಹಾಂ ಲಿಂಕನ್ನರ ತಲೆಗೆ ಬಿದ್ದ ಗುಂಡು ಅಂಥದೊಂದು ಪಿಸ್ತೂಲಿನದು.

ಇಂದು 'ಮುಚ್ಚಿಟ್ಟುಕೊಂಡು ಒಯ್ಯುವ ಹಕ್ಕು' ಅಮೆರಿಕದ ಹುಟ್ಟುಗುಣ ಎಂದು ನಾವು ತಿಳಿದುಕೊಂಡಿದ್ದೇವೆ. ಅಲ್ಲಿನ ಚರಿತ್ರೆ ಹಾಗೆ ಹೇಳುವುದಿಲ್ಲ. 1813ರಲ್ಲೇ ಕೆಂಟಕಿ ಮತ್ತು ಲೂಸಿಯಾನಾ ರಾಜ್ಯಗಳು ಆಯುಧವನ್ನು ಬಟ್ಟೆಯೊಳಗೆ ಅಡಗಿಸಿ ಒಯ್ಯುವುದನ್ನು ಅಪರಾಧ ಮಾಡಿದವು. ಎದುರಿಗೆ ಕಾಣುವಂತೆ ಕಟ್ಟಿಕೊಂಡವನು ಗೌರವಸ್ಥ, ಅಡಗಿಸಿಕೊಂಡವನು ಹೊಂಚುಗಾರ ಎನ್ನುವುದು ಆ ಕಾಲದ ತಿಳಿವಳಿಕೆ. ಅದು ತಿರುಗುಮುರುಗಾದದ್ದು ತೀರ ಈಚೆಗೆ. 1987ರಲ್ಲಿ ಫ್ಲಾರಿಡಾ ರಾಜ್ಯವು ಅರ್ಹರಾದ ಎಲ್ಲರಿಗೂ ಪರವಾನಗಿ ಕೊಡಲೇಬೇಕು ಎಂದು ಕಾನೂನು ಮಾಡಿತು, ಬೇರೆ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಮನೆಯ ರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ. ಟೆಕ್ಸಸ್‌ನಲ್ಲಿ ಪರವಾನಗಿಯೇ ಬೇಡ ಎಂದಾದದ್ದು 2021ರ ಸೆಪ್ಟೆಂಬರ್‌ನಲ್ಲಿ.

ಜೇಬಿನ ಪಿಸ್ತೂಲಿಗೆ ಈಗಿನ ರೂಪ ಕೊಟ್ಟವನು ಜಾನ್ ಬ್ರೌನಿಂಗ್. ಅಮೆರಿಕದ ಈ ಕುಶಲಕರ್ಮಿ ಬೆಲ್ಜಿಯಂನ ಎಫ್ಎನ್ ಕಾರ್ಖಾನೆಗಾಗಿ 1899ರ ಸುಮಾರಿಗೆ ಚಪ್ಪಟೆಯಾದ, ಕೋಟಿನ ಜೇಬಿನಲ್ಲಿ ಉಬ್ಬಿ ಕಾಣದ ಪಿಸ್ತೂಲೊಂದನ್ನು ರೂಪಿಸಿದ. ಅದಕ್ಕೆಂದೇ ಒಂದು ಪುಟ್ಟ ತೋಟಾವನ್ನೂ ಮಾಡಿದ. ಯುರೋಪಿನಲ್ಲಿ ಅದರ ಹೆಸರು 7.65 ಬ್ರೌನಿಂಗ್, ಅಮೆರಿಕದಲ್ಲಿ .32 ಎಸಿಪಿ. ಹೆಸರು ಎರಡು, ತೋಟಾ ಒಂದೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಗುಂಡಿನ ತೂಕ ಸುಮಾರು 4.6 ಗ್ರಾಂ. ಸೇನೆಗಳು ಬಳಸುವ 9 ಎಂಎಂ ಗುಂಡಿನ ಶಕ್ತಿಗೆ ಹೋಲಿಸಿದರೆ ಇದರದು ಸುಮಾರು ಮೂರನೆಯ ಒಂದು ಪಾಲು. ರಿವಾಲ್ವರುಗಳಿಗೆ ಬಳಕೆಯಾಗುವ .32 ತೋಟಾ ಬೇರೆ, ಅದರ ಬುಡಕ್ಕೆ ಅಂಚು ಇರುತ್ತದೆ. ಆದರೆ ಶಕ್ತಿಯಲ್ಲಿ ಎರಡೂ ಅಕ್ಕಪಕ್ಕದ ಮನೆಯವು.

ಹಲಗಲಿಯಿಂದ ಲಿಟ್ಟನ್‌ವರೆಗೆ

ಭಾರತದಲ್ಲಿ ಆಯುಧಕ್ಕೆ ಲೈಸೆನ್ಸ್ ಎಂಬ ಕಲ್ಪನೆ ಬೇರೂರಿದ್ದು 1857ರ ದಂಗೆಯ ಹೊತ್ತಿನಲ್ಲಿ. ಆ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಅದರ ಬಿಸಿ ಕನ್ನಡ ನೆಲಕ್ಕೆ ತಟ್ಟಿದ ಕತೆ ನಮ್ಮಲ್ಲಿ ಬಹಳ ಜನಕ್ಕೆ ಹೈಸ್ಕೂಲಿನ ಲಾವಣಿಯಿಂದಲೇ ಗೊತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬಂದೂಕು, ಕತ್ತಿ, ಈಟಿ ಎಂದರೆ ಬೇಟೆಯ ಸಾಧನ, ಮನೆತನದ ಮಾನ. ಒಪ್ಪಿಸಿ ಎಂದಾಗ ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಶಾಲೆಯಲ್ಲಿ ಅದನ್ನು ಶೌರ್ಯದ ಪದ್ಯವೆಂದು ಓದಿ ಅಂಕ ಪಡೆದವರು ನಾವು. ಭಾರತದ ಆಯುಧ ಕಾನೂನಿನ ಮೊದಲ ಪುಟಗಳಲ್ಲಿ ಒಂದು ಅಲ್ಲಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಕಾನೂನಿನ ಇನ್ನೊಂದು ಮುಖವೂ ಕನ್ನಡ ನಾಡಿನಲ್ಲೇ ಇದೆ. 1861ರ ಫೆಬ್ರುವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿನಿಂದ ನಮಗೆ ಗೊತ್ತಿರುವ ಅದೇ ಕಬ್ಬನ್, ಕೊಡವರ ನಿಷ್ಠೆ ಮತ್ತು ಧೈರ್ಯವನ್ನು ಮೆಚ್ಚಿ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಅವರಿಗೆ ವಿನಾಯಿತಿ ಕೊಟ್ಟ. ಆ ವಿನಾಯಿತಿ ಸ್ವತಂತ್ರ ಭಾರತದ ಕಾನೂನಿನಲ್ಲೂ ಉಳಿದುಕೊಂಡು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕಿಗೆ ಹೂವಿಟ್ಟು ಪೂಜೆ. ಹಾಗೆ ಪೂಜೆಗೊಳ್ಳುವುದು ಉದ್ದ ನಳಿಗೆಯ ಕೋವಿ. ಅದು ಊರಿಗೆಲ್ಲ ಕಾಣುವ ಆಯುಧ.

ನಿಷ್ಠರೆಂದು ಕಂಡವರಿಗೆ ಕೋವಿ, ಇಲ್ಲವೆಂದವರಿಗೆ ಗಲ್ಲು. ಈ ಲೆಕ್ಕವನ್ನೇ 1878ರಲ್ಲಿ ವೈಸರಾಯ್ ಲಿಟ್ಟನ್ ಇಡೀ ದೇಶಕ್ಕೆ ಅನ್ವಯಿಸಿದ. ಆ ವರ್ಷದ ಶಸ್ತ್ರ ಕಾಯ್ದೆಯಂತೆ ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನನಿಗೆ ಬೇಡ. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆ ಬಂದದ್ದೂ ಅದೇ ವರ್ಷ. ಪತ್ರಿಕಾ ಕಾಯ್ದೆಯನ್ನು ಮುಂದಿನ ವೈಸರಾಯ್ ರಿಪ್ಪನ್ 1882ರಲ್ಲಿ ರದ್ದು ಮಾಡಿದ. ಶಸ್ತ್ರ ಕಾಯ್ದೆಯನ್ನು ಮುಟ್ಟಲಿಲ್ಲ. ಮೈಬಣ್ಣದ ಮೇಲಿನ ಆ ವಿನಾಯಿತಿ ಹೋಗಬೇಕಾದರೆ 1920ರ ನಿಯಮಗಳು ಬರಬೇಕಾಯಿತು. 1918ರಲ್ಲಿ ಸೈನ್ಯಕ್ಕೆ ಜನ ಸೇರಿಸಲು ಖೇಡಾ ಜಿಲ್ಲೆಯಲ್ಲಿ ತಿರುಗುತ್ತಿದ್ದ ಗಾಂಧೀಜಿ ತಮ್ಮ ಕರಪತ್ರದಲ್ಲಿ, ಬ್ರಿಟಿಷರು ಇಲ್ಲಿ ಮಾಡಿದ ತಪ್ಪುಗಳಲ್ಲಿ ಒಂದು ಇಡೀ ರಾಷ್ಟ್ರದ ಕೈಯಿಂದ ಆಯುಧ ಕಿತ್ತುಕೊಂಡದ್ದನ್ನೇ ಅತ್ಯಂತ ಕರಾಳವೆಂದು ಇತಿಹಾಸ ನೋಡುತ್ತದೆ ಎಂಬರ್ಥದಲ್ಲಿ ಬರೆದಿದ್ದರು. ಅಹಿಂಸೆಯ ಮನುಷ್ಯನಿಗೂ ಅದು ಅವಮಾನವಾಗಿ ಕಂಡಿತ್ತು.

ನಳಿಗೆಯ ಅಳತೆಯ ಹಿಂದಿನ ಭಯ

ಯಾರ ಕೈಯಲ್ಲಿ ಆಯುಧ ಇರಬೇಕು ಎಂಬುದು ತೀರ್ಮಾನವಾಯಿತು. ಯಾವ ಅಳತೆಯದು ಎಂಬುದರ ಹಿಂದೆ ಇನ್ನೊಂದು ಭಯ ಇತ್ತು. ಬಂದೂಕು ಕದಿಯುವುದು ಕಷ್ಟ, ತೋಟಾ ಕದಿಯುವುದು ಸುಲಭ. ಸೇನೆಯ ಉಗ್ರಾಣದಿಂದ ಜಾರಿದ ತೋಟಾ ಹೊರಗಿನ ಯಾವ ಬಂದೂಕಿಗೂ ಹೊಂದಬಾರದು. ಅದಕ್ಕೆ ಉಪಾಯವೆಂದರೆ ಸೇನೆಯ ಅಳತೆಯ ಬಂದೂಕೇ ಜನರ ಬಳಿ ಇರದಂತೆ ನೋಡಿಕೊಳ್ಳುವುದು.

1907ರ ಸುಮಾರಿಗೆ ಬ್ರಿಟಿಷರು ಭಾರತಕ್ಕೂ ಸುಡಾನಿಗೂ .450 ಅಳತೆಯ ರೈಫಲ್ ತರುವುದನ್ನು ನಿಷೇಧಿಸಿದರು. ಹಳೆಯ ಮಾರ್ಟಿನಿ-ಹೆನ್ರಿ ಸೇನಾ ರೈಫಲಿನ ನಳಿಗೆ ಆ ಅಳತೆಯದು. ಆನೆ, ಕಾಟಿ ಬೇಟೆಯಾಡುತ್ತಿದ್ದ ಸಾಹೇಬರಿಗೂ ಮಹಾರಾಜರಿಗೂ ಇದರಿಂದ ತಾಪತ್ರಯ. ಇಂಗ್ಲೆಂಡಿನ ಬಂದೂಕು ತಯಾರಕರು ಮಾಡಿದ ಉಪಾಯ ನೋಡಿ. ಕಾನೂನಿಗೆ ಸಿಗದಂತೆ .465, .470, .475 ಎಂದು ಕೂದಲೆಳೆಯಷ್ಟು ದಪ್ಪದ ಹೊಸ ಅಳತೆಗಳನ್ನು ಸೃಷ್ಟಿಸಿ ಮಾರಿದರು. ಇಂದಿಗೂ ಆಫ್ರಿಕಾದ ಬೇಟೆಗಾರರು ಮೆಚ್ಚುವ .470 ತೋಟಾ ಹುಟ್ಟಿದ್ದು ಹೀಗೆ, ಭಾರತದ ಒಂದು ಆದೇಶದಿಂದ. ನಮ್ಮ ಕೆಲಸದಲ್ಲಿ ಕ್ಲೈಂಟಿನ ಒಂದು ಕಂಪ್ಲಯನ್ಸ್ ನಿಯಮದಿಂದ ಇಡೀ ಪ್ರಾಡಕ್ಟಿನ ವಿನ್ಯಾಸ ಬದಲಾಗುವುದನ್ನು ಕಂಡವರಿಗೆ ಇದು ಹೊಸದೆನಿಸಲಾರದು.

ಸ್ವತಂತ್ರ ಭಾರತ ಈ ತರ್ಕವನ್ನು ಹಾಗೇ ಉಳಿಸಿಕೊಂಡಿತು. 1959ರ ಶಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರ ನಿಯಮಗಳ ಪಟ್ಟಿಯಲ್ಲಿ .303 ಮತ್ತು 7.62 ಸೇನಾ ತೋಟಾ ಹಿಡಿಯುವ ರೈಫಲ್ಲುಗಳು, .380 ಮತ್ತು .455ರ ಅಂಚುಳ್ಳ ತೋಟಾ ಅಥವಾ ಸೇನೆಯ 9 ಎಂಎಂ, .45 ತೋಟಾ ಹಿಡಿಯುವ ರಿವಾಲ್ವರು ಪಿಸ್ತೂಲುಗಳು ನಿಷೇಧಿತ ವರ್ಗಕ್ಕೆ ಸೇರಿದವು. ಸೇನೆ, ಪೊಲೀಸರು ಬಳಸದ ಅಳತೆ ಯಾವುದು ಉಳಿಯಿತು ಎಂದು ನೋಡಿದರೆ ಬ್ರೌನಿಂಗನ ಜೇಬಿನ ಅಳತೆ. .32 ಒಳ್ಳೆಯದೆಂದು, ಆತ್ಮರಕ್ಷಣೆಗೆ ತಕ್ಕದ್ದೆಂದು ಯಾರೂ ಪರೀಕ್ಷೆ ಮಾಡಿ ಆರಿಸಲಿಲ್ಲ. ಬೇರೆಯವನ್ನೆಲ್ಲ ತೆಗೆದ ಮೇಲೆ ತಟ್ಟೆಯಲ್ಲಿ ಉಳಿದದ್ದು ಅದು.

ಕೋಟಿನ ಜೇಬಿನ ಕ್ರಾಂತಿ

ಜೇಬಿನ ಪಿಸ್ತೂಲಿಗೆ ಸರ್ಕಾರ ಹೆದರಿದ್ದಕ್ಕೆ ಕಾರಣವೂ ಇತ್ತು. 1909ರಲ್ಲಿ ಲಂಡನ್ನಿನಿಂದ ಬ್ರೌನಿಂಗ್ ಪಿಸ್ತೂಲುಗಳು ಗುಟ್ಟಾಗಿ ಮುಂಬಯಿಗೆ ಬಂದವು. ಆ ವರ್ಷದ ಡಿಸೆಂಬರ್ 21ರಂದು ನಾಸಿಕದ ನಾಟಕಶಾಲೆಯಲ್ಲಿ ಹದಿನೆಂಟು ವರ್ಷದ ಅನಂತ ಕಾನ್ಹೇರೆ ಕಲೆಕ್ಟರ್ ಜಾಕ್ಸನ್ನನನ್ನು ಅಂಥದರಿಂದ ಕೊಂದ. 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ರೋಡ್ಡಾ ಕಂಪನಿಗೆ ಬಂದ ಸರಕಿನಿಂದ 50 ಮೌಸರ್ ಪಿಸ್ತೂಲು, 46,000 ತೋಟಾ ಎತ್ತಿನ ಗಾಡಿಯಲ್ಲಿ ಮಾಯವಾದವು. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಸ್ಯಾಂಡರ್ಸ್ ಹತ್ಯೆಗೆ ಭಗತ್ ಸಿಂಗ್ ಬಳಸಿದ್ದು .32 ಕೋಲ್ಟ್. ಅದು ಈಗ ಪಂಜಾಬಿನ ಹುಸೇನಿವಾಲಾದ ವಸ್ತುಸಂಗ್ರಹಾಲಯದಲ್ಲಿದೆ. 1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಪೊಲೀಸರು ಸುತ್ತುವರಿದಾಗ ಚಂದ್ರಶೇಖರ ಆಜಾದ್ ಕೈಯಲ್ಲಿದ್ದದ್ದೂ .32 ಕೋಲ್ಟ್, ಬ್ರೌನಿಂಗನ ವಿನ್ಯಾಸವೇ. ಅಲಹಾಬಾದ್ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಅದನ್ನು ನೋಡಬಹುದು.

ಈ ಪಟ್ಟಿಯನ್ನು ಭಾವನೆ ಬದಿಗಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಜೇಬಿನ ಪಿಸ್ತೂಲು ಕೆಲಸ ಮಾಡಿದ್ದು ಹೆಚ್ಚಾಗಿ ಸಮಯ, ಜಾಗ, ದೂರ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡು ಬಂದವನಿಗೆ. ಆತ್ಮರಕ್ಷಣೆಗಾಗಿ ಅದನ್ನು ಹಿಡಿದ ಪ್ರಸಂಗ ಇಲ್ಲಿ ಒಂದೇ, ಆಜಾದರದು. ಅವರು ನುರಿತ ಗುರಿಕಾರ, ವರ್ಷಗಟ್ಟಲೆ ಎಚ್ಚರದಲ್ಲೇ ಬದುಕಿದವರು. ಅವರಿಗೂ ಅದು ಸೆರೆಯಿಂದ ಬಿಡುಗಡೆ ಕೊಟ್ಟಿತೇ ಹೊರತು ಜೀವ ಉಳಿಸಲಿಲ್ಲ.

ಮೂಲಭೂತ ಹಕ್ಕಾಗದೆ ಉಳಿದದ್ದು

ಆಜಾದರು ಸತ್ತ ಮುಂದಿನ ತಿಂಗಳೇ ಕರಾಚಿಯಲ್ಲಿ ಕಾಂಗ್ರೆಸ್ ಅಧಿವೇಶನ. ಅಲ್ಲಿ ಒಪ್ಪಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಒಂದು ಬಾಬಾಗಿತ್ತು. ಹಾಗಾದರೆ ಅದು ಸಂವಿಧಾನಕ್ಕೆ ಏಕೆ ಬರಲಿಲ್ಲ?

ಬರಲಿ ಎಂದು ಕೇಳಿದವರಿದ್ದರು. 1948ರ ಡಿಸೆಂಬರ್ ಆರಂಭದಲ್ಲಿ ಸಂವಿಧಾನ ಸಭೆಯಲ್ಲಿ ಸ್ವಾತಂತ್ರ್ಯದ ಹಕ್ಕುಗಳ ವಿಧಿ ಚರ್ಚೆಗೆ ಬಂದಾಗ ಎಚ್.ವಿ. ಕಾಮತ್ ಈ ತಿದ್ದುಪಡಿ ಮಂಡಿಸಿದರು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಬಿಟ್ಟು ಹೋರಾಟಕ್ಕಿಳಿದು, ಮಧ್ಯಪ್ರಾಂತ್ಯದಿಂದ ಸಭೆಗೆ ಬಂದಿದ್ದವರು. ನಮ್ಮ ಹಾಗೆ ಊರು ಬಿಟ್ಟು ಬೇರೆ ಕಡೆ ಬದುಕಿದವರು. ಕರಾಚಿಯ ಮಾತನ್ನು ಸಭೆಗೆ ನೆನಪಿಸಿದರು.

ಅಂಬೇಡ್ಕರ್ ಒಪ್ಪಲಿಲ್ಲ. ಬ್ರಿಟಿಷರು ನಿರಾಕರಿಸಿದ್ದರಿಂದ ಕಾಂಗ್ರೆಸ್ ಆಗ ಕೇಳಿದ್ದು ಸಹಜ, ಈಗ ಸನ್ನಿವೇಶ ಬದಲಾಗಿದೆ ಎಂಬುದು ಅವರ ವಾದ. ಸ್ವತಂತ್ರ ದೇಶದಲ್ಲಿ ಒತ್ತಿ ಹೇಳಬೇಕಾದ್ದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶ ಕರೆದಾಗ ಆಯುಧ ಹಿಡಿಯುವ ಕರ್ತವ್ಯವನ್ನು ಎಂದರು. ತಿದ್ದುಪಡಿ ಬಿದ್ದುಹೋಯಿತು.

ಆ ಚರ್ಚೆ ನಡೆದಾಗ ಜನವರಿ 30ಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿಯ ಮೈಗೆ ಹೊಕ್ಕ ಮೂರು ಗುಂಡು ಇಟಲಿಯ ಬೆರೆಟ್ಟಾ ಪಿಸ್ತೂಲಿನವು. ಅದರ ತೋಟಾ .380 ಎಸಿಪಿ, ಅದನ್ನು ರೂಪಿಸಿದವನೂ ಬ್ರೌನಿಂಗನೇ. ಆಯುಧ ಕಿತ್ತುಕೊಂಡದ್ದನ್ನು ಅವಮಾನವೆಂದು ಬರೆದ ಮನುಷ್ಯ ಜೇಬಿನ ಪಿಸ್ತೂಲಿನ ಎದುರು ಕೈಮುಗಿದು ನಿಂತು ಸತ್ತ. ಹಲಗಲಿಯ ಕತೆ ಗೊತ್ತಿದ್ದವರಿಗೆ ಕಾಮತರ ಮಾತೂ ಸರಿ ಎನಿಸುತ್ತದೆ, ಬಿರ್ಲಾ ಭವನವನ್ನು ನೆನೆದವರಿಗೆ ಅಂಬೇಡ್ಕರ್ ಮಾತೂ ಸರಿ ಎನಿಸುತ್ತದೆ. ನಮ್ಮ ಕಾನೂನು ಇವೆರಡರ ನಡುವೆಯೇ ನಿಂತಿದೆ.

ಇಪ್ಪತ್ತು ಅಂಗುಲ ಮತ್ತು 'ಸಮರ್ಪಕ ಕಾರಣ'

1959ರ ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಆ ನಿಲುವು ಅಳತೆಪಟ್ಟಿಯಲ್ಲೇ ಕಾಣುತ್ತದೆ. ನಳಿಗೆ 20 ಅಂಗುಲಕ್ಕಿಂತ ಕಡಿಮೆ ಇರದ, ಒಳಗೆ ನುಣುಪಾದ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಇಲ್ಲವೇ ಬೆಳೆ ಕಾಯಲು ಮದ್ದು ತುಂಬುವ ಕೋವಿ ಕೇಳಿದರೆ, ಅನರ್ಹತೆ ಏನೂ ಇರದಿದ್ದರೆ ಲೈಸೆನ್ಸ್ ಕೊಡಬೇಕು. ಉಳಿದದ್ದಕ್ಕೆ, ಅಂದರೆ ರಿವಾಲ್ವರು ಪಿಸ್ತೂಲಿಗೆ, 'ಸಮರ್ಪಕ ಕಾರಣ' ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಕಾಣುವ ಬಂದೂಕನ್ನು ಕಾನೂನು ಅಷ್ಟಿಷ್ಟು ನಂಬುತ್ತದೆ, ಅಡಗುವ ಬಂದೂಕನ್ನು ನಂಬುವುದಿಲ್ಲ. 1813ರ ಕೆಂಟಕಿಯ ಮನೋಭಾವವೇ ಇದು. ತಮಾಷೆಯೆಂದರೆ, ಲೈಸೆನ್ಸ್ ಸಿಕ್ಕ ಮೇಲೆ 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿಯೇ ಒಯ್ಯಬೇಕು. ಚುನಾವಣೆ ಬಂದರೆ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕಾಗಬಹುದು. ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು.

1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ವಿದೇಶಿ ಬಂದೂಕಿನ ಆಮದು ಬಹುಮಟ್ಟಿಗೆ ನಿಂತುಹೋಯಿತು. ಮೊದಲೇ ದೇಶದೊಳಗಿದ್ದ ಹಳೆಯ ವೆಬ್ಲಿ, ವಾಲ್ಥರ್‌ಗಳು ಕೈಯಿಂದ ಕೈಗೆ ಹೋಗುತ್ತಾ ಲಕ್ಷಗಟ್ಟಲೆ ಬೆಲೆಗೆ ಏರಿದವು. ಹೊಸದು ಬೇಕೆಂದವರಿಗೆ ಸರ್ಕಾರಿ ಕಾರ್ಖಾನೆಯ ಮಾಲೇ ಗತಿ. ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯ .32 ರಿವಾಲ್ವರ್ ಹಳೆಯ ವೆಬ್ಲಿಯ ಮಾದರಿಯದೇ. ಇಶಾಪುರದಲ್ಲಿ 'ಅಶನಿ' ಎಂಬ .32 ಪಿಸ್ತೂಲು ಬಂತು. 2020ರಲ್ಲಿ ಉತ್ತರ ಪ್ರದೇಶದ ಹರ್ದೋಯಿಯಲ್ಲಿ ಖಾಸಗಿಯವರು ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ರಿವಾಲ್ವರ್ ತಯಾರಿಸತೊಡಗಿದರು. ಅದೂ .32.

ಇವುಗಳಲ್ಲಿ ಹೆಚ್ಚು ಸುದ್ದಿಯಾದದ್ದು 2014ರ ಜನವರಿಯಲ್ಲಿ ಬಂದ 'ನಿರ್ಭೀಕ'. 2012ರ ಡಿಸೆಂಬರ್‌ನ ದೆಹಲಿಯ ಘಟನೆಯ ನಂತರ, ಹೆಂಗಸರಿಗೆಂದೇ ಮಾಡಿದ ಹಗುರ ರಿವಾಲ್ವರ್. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಆರು ಗುಂಡು, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಕೊಡುತ್ತಿದ್ದರು. ರಾತ್ರಿ ಒಂಬತ್ತೂವರೆಗೆ ಶಿಫ್ಟ್ ಮುಗಿಸಿ, ಇಬ್ಬರು ರೂಮ್‌ಮೇಟ್‌ಗಳ ಜೊತೆ ಬಾಡಿಗೆ ಹಂಚಿಕೊಂಡಿರುವ ಹುಡುಗಿಗೆ ಆ ಬೆಲೆ ಎಲ್ಲಿಂದ ಬರಬೇಕು? ಅವಳು 'ಸಮರ್ಪಕ ಕಾರಣ'ವನ್ನು ಯಾವ ಕಚೇರಿಯಲ್ಲಿ, ಯಾವ ಭಾಷೆಯಲ್ಲಿ ಸಾಬೀತು ಮಾಡಬೇಕು? ಪಿಜಿಯ ಎರಡಡಿ ಕಪಾಟಿನಲ್ಲಿ ಅದನ್ನು ಎಲ್ಲಿ ಭದ್ರವಾಗಿಡಬೇಕು? ಹೆಂಗಸರ ಸಂಘಟನೆಗಳ ಕಡೆಯಿಂದ ಬಂದ ಆಕ್ಷೇಪ ಇನ್ನೂ ಮೂಲಭೂತವಾಗಿತ್ತು. ಬೀದಿಯನ್ನು ಸುರಕ್ಷಿತ ಮಾಡುವ ಹೊಣೆ ಸರ್ಕಾರದ್ದು, ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ಅವಳ ಕೈಗೇ ಮಾರುವುದು ಎಂಥ ನ್ಯಾಯ ಎಂದು ಕೇಳಿದರು.

7.65

ನಾನು ಪುಣೆಗೆ ಬಂದು ಹದಿನೈದು ವರ್ಷ ದಾಟಿದೆ. ಓಂಕಾರೇಶ್ವರದ ಹತ್ತಿರದ ಸೇತುವೆಯ ಮೇಲೆ ಎಷ್ಟೋ ಸಲ ಹೋಗಿದ್ದೇನೆ. 2013ರ ಆಗಸ್ಟ್ 20ರ ಬೆಳಗ್ಗೆ ವಾಕಿಂಗ್ ಹೋಗಿದ್ದ ನರೇಂದ್ರ ದಾಭೋಲ್ಕರ್ ಅವರನ್ನು ಅಲ್ಲಿ ಗುಂಡಿಟ್ಟು ಕೊಂದರು. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಮೇಲೆ ಗುಂಡು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಗೌರಿ ಲಂಕೇಶ್. ಕಲಬುರ್ಗಿ ಮತ್ತು ಗೌರಿ ಇಬ್ಬರ ಮೇಲೂ ಹಾರಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲಿನ ಗುಂಡು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು.

7.65 ಎಂದರೆ .32. ಸರ್ಕಾರ ತನ್ನ ಪ್ರಜೆಗೆ ಆತ್ಮರಕ್ಷಣೆಗೆಂದು ಉಳಿಸಿಕೊಟ್ಟ ಅದೇ ಪುಟ್ಟ ಅಳತೆ. ಸೇನೆಯ ತೋಟಾ ಹೊರಗೆ ಬಾರದಂತೆ ನೂರು ವರ್ಷಕ್ಕೂ ಮಿಕ್ಕಿ ಕಟ್ಟಿದ ಗೋಡೆಗೆ ಈ ಕೊಲೆಗಾರರು ಹತ್ತಬೇಕಾಗಲಿಲ್ಲ. ಲೈಸೆನ್ಸ್ ಅವರಿಗೆ ಬೇಕಿರಲಿಲ್ಲ, ದೊಡ್ಡ ಅಳತೆಯೂ ಬೇಕಿರಲಿಲ್ಲ. ಮೀರ್ ಕಾಸಿಂ 1760ರ ದಶಕದಲ್ಲಿ ಬಂದೂಕು ಕಾರ್ಖಾನೆ ಹಾಕಿದ ಬಿಹಾರದ ಮುಂಗೇರಿನಂಥ ಊರುಗಳಲ್ಲಿ ಆ ಕಸುಬು ಇಂದಿಗೂ ಇದೆ, ಅದರ ಕಳ್ಳ ಕವಲೂ ಇದೆ.

ನಾಲ್ವರಲ್ಲಿ ಯಾರ ಬಳಿಯಾದರೂ ರಿವಾಲ್ವರ್ ಇದ್ದಿದ್ದರೆ ಎಂದು ಕೇಳುವವರಿದ್ದಾರೆ. ಬಾಗಿಲು ಬಡಿದ ಸದ್ದಿಗೆ ಎದ್ದು ಬಂದ ಎಪ್ಪತ್ತಾರರ ಹಿರಿಯ ವಿದ್ವಾಂಸ, ವಿದ್ಯಾರ್ಥಿ ಬಂದಿರಬೇಕೆಂದು ಬಾಗಿಲು ತೆರೆಯುತ್ತಾನೆ. ಅವನು ಪ್ರತಿ ಸಲವೂ ಕೈಯಲ್ಲಿ ಪಿಸ್ತೂಲು ಹಿಡಿದೇ ಬಾಗಿಲು ತೆರೆಯುವ ಊರನ್ನು ಊಹಿಸಿಕೊಳ್ಳಿ. ಅಂಥ ಧಾರವಾಡದಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಮನೆಗೆ ಹೋಗುವುದಿಲ್ಲ. ಹೊಂಚು ಹಾಕಿದವನಿಗೆ ಬೇಕಾದ್ದು ಎರಡು ಸೆಕೆಂಡು. ಕಾಯುವವನಿಗೆ ಬೇಕಾದ್ದು ಇಪ್ಪತ್ತನಾಲ್ಕು ಗಂಟೆ, ವರ್ಷವಿಡೀ. ಈ ಅಸಮತೋಲವನ್ನು ಯಾವ ಅಳತೆಯ ನಳಿಗೆಯೂ ತುಂಬಿಕೊಡುವುದಿಲ್ಲ.

ಹಾಗೆಂದು ಎಲ್ಲರ ಕೋವಿಯನ್ನೂ ಕಸಿದುಕೊಂಡರೆ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಡಂಚಿನ ತೋಟದಲ್ಲಿ ಒಂಟಿ ಮನೆ, ಪೊಲೀಸ್ ಠಾಣೆ ಇಪ್ಪತ್ತು ಮೈಲಿ ದೂರ ಇರುವವನ ಅಗತ್ಯವನ್ನು ಪುಣೆಯ ಹನ್ನೊಂದನೇ ಮಹಡಿಯಲ್ಲಿ ಕುಳಿತು ಅಳೆಯಲಾಗದು. ಜೀವ ಉಳಿಸಿಕೊಳ್ಳಲು ಬಲ ಬಳಸುವ ಹಕ್ಕು ಹಳೆಯ ದಂಡಸಂಹಿತೆಯಲ್ಲೂ ಇತ್ತು, 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಗೇಟು, ವಾಚ್‌ಮನ್, ಲಿಫ್ಟ್, ಸಿಸಿಟಿವಿ ಇರುವ ಅಪಾರ್ಟ್‌ಮೆಂಟಿನಲ್ಲಿ ಕೈಬಂದೂಕು ತರಬೇಕೆಂದುಕೊಳ್ಳುವ ನಮ್ಮಂಥವರು ಲೆಕ್ಕ ಹಾಕಬೇಕಾದ್ದು ಬೇರೆ. ನಾವು ಮಾದರಿಯೆಂದು ನೋಡುವ ಅಮೆರಿಕದಲ್ಲೇ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳ ಬರುವ ರಾತ್ರಿ ಬಾರದೆಯೂ ಇರಬಹುದು. ಕೆಲಸ ಹೋದ ರಾತ್ರಿ, ಮಗ ಪರೀಕ್ಷೆಯಲ್ಲಿ ಸೋತ ರಾತ್ರಿ, ಗಂಡ ಹೆಂಡಿರ ಜಗಳ ಮಿತಿ ಮೀರಿದ ರಾತ್ರಿ ಪ್ರತಿ ಮನೆಗೂ ಬರುತ್ತದೆ. ಆ ರಾತ್ರಿಯೂ ಬಂದೂಕು ಅದೇ ಡ್ರಾಯರಿನಲ್ಲಿರುತ್ತದೆ.

ಬಂದೂಕು ಆರಿಸುವವರು ನಳಿಗೆಯ ಅಳತೆ ಕೇಳುತ್ತಾರೆ, ತೂಕ ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಹಲಗಲಿಯಿಂದ ಧಾರವಾಡದವರೆಗಿನ ಚರಿತ್ರೆ ಓದಿದ ಮೇಲೆ ಅದಕ್ಕೂ ಮೊದಲು ಕೇಳಬೇಕಾದ್ದು ಇದು ಎನಿಸುತ್ತದೆ: ಇದು ನನ್ನ ಕೈಯಲ್ಲಿರುವ ಹೊತ್ತು ಎಷ್ಟು, ಬೇರೆಯವರ ಕೈಗೆ ಸಿಗುವ ಹೊತ್ತು ಎಷ್ಟು? ಕಬ್ಬನ್‌ಗಾಗಲಿ ಲಿಟ್ಟನ್‌ಗಾಗಲಿ ನಮ್ಮ ಮನೆಯ ಚಿಂತೆ ಇರಲಿಲ್ಲ. ಅವರು ತಮ್ಮ ಸಾಮ್ರಾಜ್ಯದ ಭಯಕ್ಕೆ ತಕ್ಕಂತೆ ಆಯ್ಕೆ ಮಾಡಿದರು. ನಮ್ಮ ಆಯ್ಕೆಯನ್ನು ನಾವು ನಮ್ಮ ಮನೆಯೊಳಗಿನವರ ಮುಖ ನೋಡಿ ಮಾಡಬೇಕು.